ವಕಾಲತ್ತು ಬಿಟ್ಟು ಸಮಿತಿಯಲ್ಲಿ ಕೂತೆ: ಹಾಡಿಗಳ ಅರಣ್ಯ ಹಕ್ಕು, ನನ್ನ ಅನುಭವ

ರಾಜಕೀಯಕ್ಕೆ ಇಳಿದ, ಇನ್ನು ಕಾಡಿನ ಹಾಡಿಗಳಲ್ಲಿರುವ ಆದಿವಾಸಿಗಳ ಕೇಸು ಮುಗೀತು ಅಂದಿದ್ದರು ನಮ್ಮ ವಕೀಲ ಗೆಳೆಯರು. ಈಗ ನಾಗರಹೊಳೆ ಅಂಚಿನ ಸುಮಾರು ನೂರು ಜೇನುಕುರುಬ ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿದೆ.

ಅರಣ್ಯ ಹಕ್ಕು ಕಾಯ್ದೆಯಡಿ ಹಾಕಿದ ಅರ್ಜಿಗಳು ತಿರಸ್ಕಾರವಾದಾಗ ಮೊದಲು ನಾನೂ ಹೈಕೋರ್ಟಿನ ರಿಟ್ ದಾರಿಯನ್ನೇ ಹಿಡಿದಿದ್ದೆ. ಮೂರ್ನಾಲ್ಕು ವರ್ಷ ಬೆಂಗಳೂರಿಗೆ ಓಡಾಡಿದ್ದಕ್ಕೆ ಸಿಕ್ಕಿದ್ದು 'ಮರುಪರಿಶೀಲಿಸಿ' ಅನ್ನುವ ಆದೇಶ. ಮರುಪರಿಶೀಲಿಸಿದವರು ಮತ್ತೆ ಅದೇ ಸಾಲು ಬರೆದರು: ಉಪಗ್ರಹ ಚಿತ್ರದಲ್ಲಿ ವಾಸ ಕಾಣುತ್ತಿಲ್ಲ. ಮರದಡಿಯ ಗುಡಿಸಲು ಆಕಾಶದಿಂದ ಎಲ್ಲಿ ಕಾಣಬೇಕು ಹೇಳಿ? ಫೀಸು ಇಲ್ಲ, ಜೀಪು ಬಾಡಿಗೆ, ಜೆರಾಕ್ಸು ಅಂತ ಒಂದೂವರೆ ಲಕ್ಷದ ಹತ್ತಿರ ನನ್ನ ಕೈಯಿಂದಲೇ ಹೋಯ್ತು.

ಈ ಅರ್ಜಿಗಳನ್ನು ಪರಿಶೀಲಿಸುವ ಉಪವಿಭಾಗ ಮಟ್ಟದ ಸಮಿತಿಯಲ್ಲಿ ತಾಲ್ಲೂಕು ಪಂಚಾಯಿತಿ ಸದಸ್ಯರಿಗೆ ಮೂರು ಸ್ಥಾನ ಇದೆ, ಅದರಲ್ಲಿ ಕನಿಷ್ಠ ಎರಡು ಪರಿಶಿಷ್ಟ ಪಂಗಡದವರಿಗೆ. ನನ್ನ ಕಣ್ಣಿದ್ದದ್ದು ಮೂರನೆಯದರ ಮೇಲೆ. 2016ರಲ್ಲಿ ಚುನಾವಣೆಗೆ ನಿಂತೆ, ಗೆದ್ದೆ, ವಕಾಲತ್ತುಗಳನ್ನೆಲ್ಲ ಬಿಟ್ಟುಕೊಟ್ಟೆ. ಜಿಲ್ಲಾ ಪಂಚಾಯಿತಿಯಿಂದ ನಾಮನಿರ್ದೇಶನ ಮಾಡಿಸಿಕೊಳ್ಳೋಕೆ ಚುನಾವಣೆಗಿಂತ ಜಾಸ್ತಿ ಕಷ್ಟಪಟ್ಟೆ.

ಒಳಗೆ ಕೂತ ಮೇಲೆ ಹಿಡಿದದ್ದು ಅರಣ್ಯ ಹಕ್ಕು ನಿಯಮಗಳ 12ಎ. ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕ ಅಷ್ಟೇ, ಬದಲಿ ಅಲ್ಲ ಅಂತ 2012ರ ತಿದ್ದುಪಡಿಯಲ್ಲೇ ಇದೆ. ಪ್ರತಿ ಸಭೆಯಲ್ಲೂ ಆ ಸಾಲನ್ನು ಓದಿ ನಡಾವಳಿಯಲ್ಲಿ ಬರೆಸಿದೆ. ಹಾಡಿಯಲ್ಲೇ ಗ್ರಾಮಸಭೆ ಕೂರಿಸಿ, ಹಿರಿಯರ ಹೇಳಿಕೆ ಬರೆದುಕೊಂಡು, ಸಮಾಧಿಗಳ ಫೋಟೋ ಸೇರಿಸಿದೆವು. ಕೋರಂ ಅರ್ಧದಷ್ಟು ಬೇಕಲ್ವಾ, ಕೊಡಗಿನ ಕಾಫಿ ಕೊಯ್ಲಿನ ಕಾಲದಲ್ಲಿ ಸಭೆ ಕರೆದರೆ ಹಾಡಿಯಲ್ಲಿ ಜನವೇ ಇರುವುದಿಲ್ಲ. ಮಳೆಗಾಲದ ಸಂಜೆ ನಮಗೆ ಸರಿಹೋಯ್ತು.

ನಿಜವಾಗಿ ಕೆಲಸ ಮಾಡಿದ್ದು ಅರಣ್ಯ ಇಲಾಖೆಯ ಹಳೆಯ ವರ್ಕಿಂಗ್ ಪ್ಲಾನ್ (ಕಾಡಿನ ಕಾರ್ಯಯೋಜನೆ) ಮತ್ತು ತೇಗದ ನೆಡುತೋಪಿನ ಕೂಲಿ ಪಟ್ಟಿ. ಅಜ್ಜಂದಿರ ಹೆಸರು ಅಲ್ಲೇ ಇತ್ತು, ಎದುರಿಗಿದ್ದವರು ಏನು ವಾದ ಮಾಡುತ್ತಾರೆ? ಆ ಪಟ್ಟಿ ಹೇಗೆ ಸಿಕ್ಕಿತು ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ, ಇನ್ನೂ ಕೆಲವು ಹಾಡಿಗಳ ಕಡತ ಬಾಕಿ ಇದೆ. ನಡುವೆ ಜೇನು ಕೊಯ್ಯುವ ಮರಗಳಿಗೆ ಜಿಪಿಎಸ್ ಗುರುತು ಹಾಕಿ ನೋಡಿದೆ. ಮನೆ ಜಾಗದ ಅರ್ಜಿಗೆ ಅದು ನೆರವಾಗಲಿಲ್ಲ, ಸಮುದಾಯ ಹಕ್ಕಿನ ಅರ್ಜಿಗೆ, ಅಂದರೆ ನಮೂನೆ 'ಬಿ'ಗೆ, ಚೆನ್ನಾಗಿ ಬಂತು.

ಹಿಂದೆಯೇ ಕಾಡಿನಿಂದ ಎಬ್ಬಿಸಲ್ಪಟ್ಟು ಕಾಫಿ ತೋಟದ ಲೈನ್ ಮನೆಗಳಲ್ಲಿ ಬದುಕುತ್ತಿರುವವರದ್ದು ಬೇರೆ ಕಥೆ. ಅವರಿಗೆ ಅದೇ ಕಾಯ್ದೆಯ ಸೆಕ್ಷನ್ 3(1)(ಎಂ), ಅಂದರೆ ಪುನರ್ವಸತಿ ಹಕ್ಕಿನ ಅಡಿ ಅರ್ಜಿ ಹಾಕಿಸಿದ್ದೇನೆ. ನಮ್ಮ ಅವಧಿ 2021ಕ್ಕೆ ಮುಗಿಯಿತು, ಚುನಾವಣೆ ಮುಂದಕ್ಕೆ ಹೋಗುತ್ತಲೇ ಬಂತು. ಹಾಗಾಗಿ ಮತ್ತೆ ಕರಿಕೋಟು ಹಾಕಿದ್ದೇನೆ, ಈ ಸಲ ಅವರ ಪರವಾಗಿ.