ಚಳಿಗಾಲದಲ್ಲಿ ತೀರದಿಂದ ಗಾಳ ಹಾಕುವುದು ಹೇಗೆ?

ಬೆಚ್ಚಗಿನ ಕರಾವಳಿಯಲ್ಲೂ ಚಳಿಗಾಲ ಮೀನಿನ ದಿನಚರಿಯನ್ನು ಬದಲಿಸುತ್ತದೆ. ನೀರು ತಣಿದರೆ ಮೀನಿನ ಮೈಯೂ ತಣಿಯುತ್ತದೆ; ತಿಂದದ್ದು ಜೀರ್ಣವಾಗುವುದು ನಿಧಾನ, ಹಸಿವೂ ಕಡಿಮೆ. ಬೇಸಗೆಯಲ್ಲಿ ಹೊತ್ತುಗೊತ್ತಿಲ್ಲದೆ ಕಚ್ಚುತ್ತಿದ್ದ ಮೀನು ಈಗ ಒಂದೆರಡು ತಾಸು ಮಾತ್ರ ಮೇಯಲು ಬರಬಹುದು. ಆ ಹೊತ್ತನ್ನೂ ಜಾಗವನ್ನೂ ಗುರುತಿಸಿದವರಿಗೆ ಸಾಧಾರಣ ರಾಡ್ ಸಾಕು. ಗುರುತಿಸದಿದ್ದರೆ ನೂರು ಮೀಟರ್ ಎಸೆದರೂ ಫಲವಿಲ್ಲ.

ಮನೆಯಲ್ಲೇ ದಿನ ಗೊತ್ತುಮಾಡಿ

ಉಬ್ಬರವಿಳಿತದ ಪಟ್ಟಿಯನ್ನೂ ಗಾಳಿಯ ಮುನ್ಸೂಚನೆಯನ್ನೂ ಒಟ್ಟಿಗೆ ನೋಡಿ. ದಿನಕ್ಕೆರಡು ಉಬ್ಬರ ಬರುವ ಕಡೆ ಎರಡರ ನಡುವಿನ ಅಂತರ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಮರಳು ತೀರದಲ್ಲಿ ನೀರು ತುಂಬುವುದಕ್ಕೆ ಎರಡು ಗಂಟೆ ಮೊದಲಿನಿಂದ, ತುಂಬಿದ ಮೇಲೆ ಒಂದು ಗಂಟೆಯವರೆಗೆ ಒಳ್ಳೆಯ ಹೊತ್ತು. ಇದು ಮಧ್ಯಾಹ್ನ 2ರಿಂದ ಸಂಜೆ 5ರೊಳಗೆ ಬೀಳುವ ದಿನವನ್ನು ಆರಿಸಿ. ಆಳವಿಲ್ಲದ ನೀರಿಗೆ ಬಿಸಿಲಿನ ಬಿಸಿ ತಾಗಿರುವುದು ಆಗಲೇ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರಿನ ಓಟ ಜೋರು, ಅಷ್ಟಮಿಯ ಹೊತ್ತಿಗೆ ಸಪ್ಪೆ.

ಗಾಳಿಯ ವಿಷಯಕ್ಕೆ ಇನ್ನಷ್ಟು ಗಮನ ಬೇಕು. ಶೀತಗಾಳಿ ಬೀಸುವುದಕ್ಕೆ ಮುನ್ನ, ಮೋಡ ಕವಿದು ವಾಯುಭಾರ ಕುಸಿಯುವಾಗ, ಮೀನು ಚುರುಕಾಗಿ ಮೇಯುವುದುಂಟು. ಗಾಳಿ ತಿರುಗಿ ಆಕಾಶ ತಿಳಿಯಾದ ಮೇಲೆ ಒಂದೆರಡು ದಿನ ಮಂಕು. ನೆಲದ ಕಡೆಯಿಂದ ಬೀಸುವ ಗಾಳಿ ಅಲೆಗಳನ್ನು ಚಪ್ಪಟೆ ಮಾಡುತ್ತದೆ, ಎಸೆಯಲು ಸುಲಭ. ಆದರೆ ತಿಳಿನೀರಿನಲ್ಲಿ ಮೀನು ಬೆದರುತ್ತದೆ. ಕಡಲಿನಿಂದ ಹಗುರ ಗಾಳಿ, ಮೊಣಕಾಲಿನಿಂದ ಸೊಂಟದೆತ್ತರದ ಅಲೆ ಇದ್ದರೆ ಎಲ್ಲಕ್ಕಿಂತ ಉತ್ತಮ. ಅಲೆ ಮರಳನ್ನು ಕದಡಿ ಹುಳು, ಪುಟ್ಟ ಏಡಿಗಳನ್ನು ಹೊರಗೆಡಹುತ್ತದೆ, ಮೀನು ಅವುಗಳನ್ನು ಹುಡುಕಿಕೊಂಡು ದಡದ ಹತ್ತಿರ ಬರುತ್ತದೆ. ಅಲೆ ಅದಕ್ಕಿಂತ ಎತ್ತರವಾದರೆ ಪಾಚಿ ದಾರಕ್ಕೆ ಸುತ್ತಿಕೊಳ್ಳುತ್ತದೆ, ತೂಕಕ್ಕೆ ಕಟ್ಟಿದ ಸೀಸ ನಿಲ್ಲುವುದಿಲ್ಲ.

ಇಳಿತದಲ್ಲಿ ತೀರವನ್ನು ಓದಿ

ಇದೇ ಮುಖ್ಯ ಕೆಲಸ, ಹೆಚ್ಚಿನವರು ಬಿಟ್ಟುಬಿಡುವ ಕೆಲಸವೂ ಇದೇ. ನೀರು ಪೂರ್ತಿ ಇಳಿದಾಗ ಹೋಗಿ, ಎತ್ತರದ ಜಾಗದಲ್ಲಿ ನಿಂತು ನೋಡಿ. ಅಲೆ ಒಡೆದು ಬಿಳಿ ನೊರೆ ಏಳುವಲ್ಲಿ ಮರಳಿನ ದಿಬ್ಬವಿದೆ. ದಿಬ್ಬಕ್ಕೂ ದಡಕ್ಕೂ ನಡುವೆ ಒಡೆಯದೆ ಕಪ್ಪಗೆ ಕಾಣುವ ಪಟ್ಟಿಯೇ ತಗ್ಗು. ದಿಬ್ಬ ಕಡಿದುಹೋಗಿ ನೀರು ಕಡಲಿಗೆ ಮರಳುವ ಕಂಡಿಯೂ ಅಲ್ಲಲ್ಲಿ ಸಿಗುತ್ತದೆ. ಮೀನು ಕಂಡಿಯ ಮೂಲಕ ಒಳಬಂದು ತಗ್ಗಿನುದ್ದಕ್ಕೂ ಮೇಯುತ್ತದೆ. ಈ ತಗ್ಗು ಅನೇಕ ಕಡೆ ದಡದಿಂದ 15–30 ಮೀಟರಿನೊಳಗೇ ಇರುತ್ತದೆ. ಬಲವೆಲ್ಲ ಹಾಕಿ ಎಸೆದವರ ಎರೆ ಅದನ್ನು ದಾಟಿ ಬರಿದಾದ ದಿಬ್ಬದ ಮೇಲೆ ಬೀಳುತ್ತದೆ. ದಡದ ಒಂದು ಮರವನ್ನೋ ಬಂಡೆಯನ್ನೋ ಗುರುತಿಟ್ಟುಕೊಳ್ಳಿ, ಉಬ್ಬರದಲ್ಲಿ ತಗ್ಗು ಕಣ್ಣಿಗೆ ಬೀಳುವುದಿಲ್ಲ. ಕಂಡಿಯ ಪಕ್ಕದಿಂದ ಎಸೆಯಿರಿ, ಅದರೊಳಗೆ ಇಳಿಯಬೇಡಿ: ಈಜು ಬಲ್ಲವರನ್ನೂ ಒಯ್ಯುವ ಸೆಳೆತ ಅಲ್ಲೇ ಇರುವುದು.

ದಾರ, ಸೀಸ, ಗಾಳ

10–12 ಅಡಿಯ ರಾಡ್, 0.30–0.35 ಮಿ.ಮೀ. ದಪ್ಪದ ತಂಗೂಸಿ (ನೈಲಾನ್ ದಾರ), 60–110 ಗ್ರಾಂ ತೂಕದ ಪಿರಮಿಡ್ ಆಕಾರದ ಸೀಸ. ಗುಂಡು ಸೀಸ ಮರಳಿನ ಮೇಲೆ ಉರುಳಿಹೋಗುತ್ತದೆ. ಎಸೆಯುವಾಗಿನ ಎಳೆತಕ್ಕೆ ತೆಳು ದಾರ ತುಂಡಾಗಿ ಸೀಸ ಹಾರಿದರೆ ಪಕ್ಕದಲ್ಲಿ ನಿಂತವರಿಗೆ ಅಪಾಯ. ಅದಕ್ಕೆಂದೇ ತುದಿಗೆ ದಪ್ಪ ದಾರ ಜೋಡಿಸಬೇಕು: ಸೀಸದ ಪ್ರತಿ 30 ಗ್ರಾಂಗೆ 5 ಕೆ.ಜಿ.ಯ ಲೆಕ್ಕದಲ್ಲಿ, 90 ಗ್ರಾಂಗೆ 15 ಕೆ.ಜಿ. ತಾಳುವಂಥದ್ದು. ಈ ದಪ್ಪ ದಾರದ ಉದ್ದ ರಾಡಿನ ಎರಡರಷ್ಟಿರಲಿ, ಜೊತೆಗೆ ರೀಲಿಗೆ ಐದಾರು ಸುತ್ತು. ಗಂಟು ಬಿಗಿಯುವ ಮೊದಲು ಎಂಜಲಿನಿಂದ ಒದ್ದೆ ಮಾಡಿ, ಒಣಗಿದ್ದಾಗ ಬಿಗಿದರೆ ಉಜ್ಜಾಟದ ಬಿಸಿಗೆ ತಂಗೂಸಿ ಸೊರಗುತ್ತದೆ.

ಸೀಸ ತುದಿಯಲ್ಲಿರಲಿ. ಅದರಿಂದ 30 ಸೆಂ.ಮೀ. ಮೇಲೆ ಗಾಳ ಕಟ್ಟುವ ಒಂದು ಕವಲು ದಾರ, ಅಲ್ಲಿಂದ 45 ಸೆಂ.ಮೀ. ಮೇಲೆ ಇನ್ನೊಂದು. ಕವಲಿನ ಉದ್ದ 15 ಸೆಂ.ಮೀ. ಮೀರದಿದ್ದರೆ ಎರಡೂ ಹೆಣೆದುಕೊಳ್ಳುವುದಿಲ್ಲ. ಚಳಿಗಾಲದ ತಿಳಿನೀರಿಗೆ ಕವಲಿನಲ್ಲಿ 0.28 ಮಿ.ಮೀ. ಫ್ಲೋರೋಕಾರ್ಬನ್ ದಾರ ವಾಸಿ, ನೀರಿನಲ್ಲಿ ಅದು ಕಡಿಮೆ ಕಾಣುತ್ತದೆ. ಕಾಣೆಯಂಥ ಸಣ್ಣ ಬಾಯಿಯ ಮೀನಿಗೆ 6 ಅಥವಾ 4ನೇ ನಂಬರಿನ ಗಾಳ, ದೊಡ್ಡ ಮೀನಿಗೆ 1/0 ಅಥವಾ 2/0.

ಎರೆ ತಾಜಾ ಇರಬೇಕು, ಚಿಕ್ಕದಿರಬೇಕು. ಹಸಿವು ಕಡಿಮೆಯಿರುವ ಮೀನು ದೊಡ್ಡ ತುಂಡನ್ನು ಕುಕ್ಕಿ ಬಿಟ್ಟುಹೋಗುತ್ತದೆ. ಸಿಪ್ಪೆ ತೆಗೆದ ಸಿಗಡಿಯ ಬೆರಳುಗುರಿನಷ್ಟು ತುಂಡು, ಬೊಂಡಾಸಿನ (ಸ್ಕ್ವಿಡ್) ಸಣ್ಣ ಪಟ್ಟಿ, ಮರಳುಹುಳು ನಡೆಯುತ್ತವೆ. ಗಾಳದ ಮೊನೆ ಹೊರಗೆ ಕಾಣಲಿ. ಸಿಗಡಿ ಎಸೆತಕ್ಕೆ ಕಳಚಿಹೋದರೆ ತೆಳು ಎಲಾಸ್ಟಿಕ್ ದಾರದಿಂದ ನಾಲ್ಕೈದು ಸುತ್ತು ಬಿಗಿಯಿರಿ.

ಎಸೆದ ಮೇಲೆ ದಾರದ ಸಡಿಲವನ್ನೆಲ್ಲ ಸುತ್ತಿಕೊಳ್ಳಿ, ಚಳಿಗಾಲದ ಕಚ್ಚು ಸಣ್ಣದು, ಸಡಿಲ ದಾರದಲ್ಲಿ ತಿಳಿಯುವುದಿಲ್ಲ. ಹತ್ತು ನಿಮಿಷ ಕಚ್ಚದಿದ್ದರೆ ಐದು ಮೀಟರ್ ಹತ್ತಿರಕ್ಕೆ ಎಳೆದು ಬಿಡಿ. ನಾಲ್ಕು ಕಡೆ ನೋಡಿದರೂ ಇಲ್ಲವೆಂದರೆ ಮುಂದಿನ ತಗ್ಗಿಗೆ ನಡೆಯಿರಿ. ಮೊನೆ ಒಳಕ್ಕೆ ಬಾಗಿದ ಸರ್ಕಲ್ ಗಾಳವಾದರೆ ಕಚ್ಚಿದೊಡನೆ ಜಗ್ಗಬಾರದು. ಮೆಲ್ಲಗೆ ಸುತ್ತುತ್ತ ಹೋದರೆ ಬಾಯಿಯ ಮೂಲೆಗೆ ತಾನೇ ಸಿಕ್ಕುತ್ತದೆ, ಜಗ್ಗಿದರೆ ಬಾಯಿಂದ ಜಾರಿ ಬರುತ್ತದೆ.

ಅಲೆ ಮೀರಿದ ದಿನ ಅಳಿವೆಗೆ

ಅಳಿವೆ, ಹಿನ್ನೀರಿನಲ್ಲಿ ಬೆಳಗಿನ ಚಳಿಗೆ ಮೀನು ತಿರುವಿನ ಆಳದ ಗುಂಡಿ, ಸೇತುವೆಯ ಕಂಬದ ಬುಡ ಸೇರಿರುತ್ತದೆ. ಕಪ್ಪು ಕೆಸರು ಬಿಸಿಲನ್ನು ಹೀರಿ ಬಿಳಿ ಮರಳಿಗಿಂತ ಬೇಗ ಬೆಚ್ಚಗಾಗುವುದರಿಂದ, ಮಧ್ಯಾಹ್ನ ಮೀನು ಅದರ ಅಂಚಿಗೆ ಏರಿ ಬರುತ್ತದೆ. ಇಲ್ಲಿ 5–10 ಗ್ರಾಂನ ಜಿಗ್ (ತಲೆಯಲ್ಲೇ ತೂಕವಿರುವ ಗಾಳ), 7–8 ಸೆಂ.ಮೀ.ನ ರಬ್ಬರ್ ಮೀನು ಸಾಕು. ತಳ ಮುಟ್ಟಿಸಿ, ಒಂದು ಗೇಣು ಎತ್ತಿ, ಬೀಳಲು ಬಿಟ್ಟು, ನಾಲ್ಕೈದು ಸೆಕೆಂಡ್ ಸುಮ್ಮನಿರಿ. ಬೇಸಗೆಯ ವೇಗದಲ್ಲಿ ಎಳೆದರೆ ತಣಿದ ಮೀನು ಬೆನ್ನಟ್ಟುವುದಿಲ್ಲ. ಕಚ್ಚುವುದು ಹೆಚ್ಚಾಗಿ ಬೀಳುವಾಗಲೇ. ದಾರ ಪಕ್ಕಕ್ಕೆ ಸರಿದರೆ ರಾಡ್ ಎತ್ತಿ.

ನೀರಿಗಿಳಿಯುವಾಗ ಪಾದ ಎತ್ತಿಡದೆ ಮರಳಿನಲ್ಲಿ ಉಜ್ಜುತ್ತ ನಡೆಯಿರಿ, ಹುದುಗಿರುವ ತೊರಕೆ ಮೀನು ಸರಿದುಹೋಗುತ್ತದೆ. ಅದರ ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿಯಾದ, 45 ಡಿಗ್ರಿ ಮೀರದ ನೀರಿನಲ್ಲಿ 30–90 ನಿಮಿಷ ಅದ್ದಿಡಿ, ನೋವು ತಗ್ಗುತ್ತದೆ; ಆಮೇಲೆ ವೈದ್ಯರಿಗೆ ತೋರಿಸಿ. ಎದೆ, ಹೊಟ್ಟೆಗೆ ಚುಚ್ಚಿದರೆ ಅಥವಾ ಮುಳ್ಳು ಒಳಗೇ ಉಳಿದರೆ ಕೀಳದೆ ನೇರ ಆಸ್ಪತ್ರೆಗೆ.

ಮನೆಗೆ ಬಂದೊಡನೆ ರೀಲಿನ ಡ್ರ್ಯಾಗ್ (ದಾರ ಬಿಚ್ಚಿಕೊಳ್ಳುವ ಬಿಗಿತವನ್ನು ಹೊಂದಿಸುವ ತಿರುಪು) ಬಿಗಿ ಮಾಡಿ, ಸಿಹಿನೀರನ್ನು ಮೆಲ್ಲಗೆ ಸುರಿದು ತೊಳೆಯಿರಿ. ಜೋರಾಗಿ ಚಿಮ್ಮಿಸಿದರೆ ಉಪ್ಪು ಬೇರಿಂಗಿನ ಒಳಕ್ಕೇ ಹೋಗುತ್ತದೆ. ಒರೆಸಿದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲಿಸಿ ನೆರಳಲ್ಲಿ ಒಣಗಿಸಿ.