ಹೊಸ ಮೆಷಿನ್ ಬಂದ ಮೇಲೆ ಕೆಲಸಗಾರರು ಏನಾದರು? ಪ್ರಾಜೆಕ್ಟ್ ಮಾಡುವವರಿಗೆ

'ಆಧುನಿಕ ಕೈಗಾರಿಕೆಯಲ್ಲಿ ಹೊಸ ತಂತ್ರಜ್ಞಾನ ಮತ್ತು ಕೌಶಲ' ಅಂತ ವಿಷಯ ಬರೆದುಕೊಟ್ಟರೆ ಗೈಡ್ ಸಹಿ ಹಾಕಿಬಿಡುತ್ತಾರೆ, ಕಷ್ಟ ಶುರುವಾಗುವುದು ಆಮೇಲೆ. ಮೊದಲು ವಿಷಯವನ್ನು ಚಿಕ್ಕದು ಮಾಡಿಕೊಳ್ಳಿ. ಒಂದು ಮೆಷಿನ್, ಒಂದು ಬಗೆಯ ಕೆಲಸ, ಒಂದು ಏರಿಯಾ. ಮೈಸೂರಿನವರಾದರೆ ಹೆಬ್ಬಾಳ, ಹೂಟಗಳ್ಳಿ ಕಡೆಯ ಸಣ್ಣ ಮೆಷಿನ್ ಶಾಪ್‌ಗಳಿಗೆ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಮಿನಿಂದ ನಡೆಯುವ ಮೆಷಿನ್) ಬಂದ ಮೇಲೆ ಕೈಯಲ್ಲಿ ಲೇತ್ (ಲೋಹ ಕಡೆಯುವ ಯಂತ್ರ) ನಡೆಸುತ್ತಿದ್ದ ಟರ್ನರ್‌ಗಳು ಏನು ಮಾಡುತ್ತಿದ್ದಾರೆ ಅಂತ ನೋಡಬಹುದು. ಮಂಡ್ಯದವರಿಗೆ ಸಕ್ಕರೆ ಕಾರ್ಖಾನೆ, ಆಲೆಮನೆ ಇದ್ದೇ ಇವೆ.

ಓದುವಾಗ ಎರಡು ಅಧ್ಯಯನಗಳನ್ನು ಜೊತೆಗಿಟ್ಟು ಓದಿ. 2013ರಲ್ಲಿ ಆಕ್ಸ್‌ಫರ್ಡ್‌ನ ಫ್ರೇ ಮತ್ತು ಆಸ್ಬೋರ್ನ್ 702 ಉದ್ಯೋಗಗಳನ್ನು ಲೆಕ್ಕ ಹಾಕಿ, ಅಮೆರಿಕದ ಶೇ. 47ರಷ್ಟು ಕೆಲಸಗಳಿಗೆ ಕಂಪ್ಯೂಟರ್‌ನಿಂದ ಅಪಾಯ ಜಾಸ್ತಿ ಅಂದರು. 2016ರಲ್ಲಿ ಆರ್ನ್ಟ್ಸ್, ಗ್ರೆಗೊರಿ, ಸೀರಾನ್, ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಗಾಗಿ 21 ದೇಶಗಳನ್ನು ನೋಡಿದಾಗ ಸರಾಸರಿ ಬಂದಿದ್ದು ಶೇ. 9 ಮಾತ್ರ. ಯಾಕಿಷ್ಟು ವ್ಯತ್ಯಾಸ? ಮೊದಲನೆಯವರು ಇಡೀ ಉದ್ಯೋಗವನ್ನೇ ಒಂದು ಘಟಕ ಅಂತ ಹಿಡಿದರು. ಎರಡನೆಯವರು ಆ ಉದ್ಯೋಗದಲ್ಲಿರುವವರು ದಿನಾ ಏನೇನು ಮಾಡುತ್ತಾರೆ ಅಂತ ಬಿಡಿಸಿ ನೋಡಿದರು. ನೀವೂ ಹೀಗೇ ಬಿಡಿಸಿ ಕೇಳಬೇಕು.

ಅಂದರೆ 'ತಂತ್ರಜ್ಞಾನದಿಂದ ನಿಮ್ಮ ಕೌಶಲ ಹೆಚ್ಚಿದೆಯೇ, ಒಪ್ಪುತ್ತೇನೆ, ಒಪ್ಪುವುದಿಲ್ಲ' ಅನ್ನುವ ಫಾರಂ ಬೇಡವೇ ಬೇಡ. ಎಚ್‌ಆರ್‌ನವರು ಪಕ್ಕದಲ್ಲಿ ನಿಂತಿದ್ದರೆ ಎಲ್ಲರೂ ಒಪ್ಪುತ್ತಾರೆ, ಅಲ್ವಾ? ಅದರ ಬದಲು, ಶಿಫ್ಟ್‌ಗೆ ಬಂದಾಗಿನಿಂದ ಏನೇನು ಮಾಡುತ್ತೀರಿ ಅಂತ ಕೇಳಿ. ಡ್ರಾಯಿಂಗ್ ಓದುವುದು, ಟೂಲ್ ಸೆಟ್ ಮಾಡುವುದು, ಆಫ್‌ಸೆಟ್ (ಟೂಲಿನ ಅಳತೆಯ ಹೊಂದಾಣಿಕೆ) ಕೊಡುವುದು, ಜಾಬ್ (ಕಡೆಯಬೇಕಾದ ತುಂಡು) ಲೋಡ್ ಮಾಡುವುದು, ಮೈಕ್ರೋಮೀಟರ್‌ನಲ್ಲಿ ಅಳೆಯುವುದು, ಹೀಗೆ ಒಂದೊಂದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಂಡು, ಇದನ್ನು ಮುಂಚೆ ಯಾರು ಮಾಡುತ್ತಿದ್ದರು, ಈಗ ಯಾರು, ಕಲಿಸಿದ್ದು ಯಾರು ಅಂತ ತುಂಬಿಸಿ. ಟರ್ನರ್ ಒಬ್ಬರೇ ಮಾಡುತ್ತಿದ್ದ ಕೆಲಸ ಈಗ ಪ್ರೋಗ್ರಾಮರ್, ಸೆಟ್ಟರ್, ಆಪರೇಟರ್ ಅಂತ ಮೂರು ಪಾಲಾಗಿದೆಯಾ, ಅದರಲ್ಲಿ ಆಪರೇಟರ್‌ಗೆ ಬರೀ ಲೋಡ್-ಅನ್‌ಲೋಡ್ ಉಳಿದಿದೆಯಾ ಅನ್ನುವುದು ಈ ಪಟ್ಟಿಯಲ್ಲಿ ಗೊತ್ತಾಗುತ್ತದೆ. ನನ್ನ ಪ್ರಕಾರ ಪ್ರಾಜೆಕ್ಟಿನ ಜೀವ ಇರುವುದೇ ಇಲ್ಲಿ.

ಹೊಸ ಮೆಷಿನ್ ಬಂದ ಇಸವಿ ಯಾರಿಗೂ ನೆನಪಿರುವುದಿಲ್ಲ. ನೋಟ್‌ಬಂದಿಗೆ ಮುಂಚೆಯೋ, ಲಾಕ್‌ಡೌನ್ ಆದ ಮೇಲೋ ಅಂತ ಕೇಳಿದರೆ ಥಟ್ಟನೆ ಹೇಳುತ್ತಾರೆ.

ದೊಡ್ಡ ಕಂಪನಿಗೆ ಹೋಗುವುದಾದರೆ ಕಾಲೇಜಿನ ಲೆಟರ್‌ಹೆಡ್, ಸೀಲು ಎಲ್ಲ ಇರಲಿ. ಸಣ್ಣ ಶಾಪ್‌ಗಳಲ್ಲಿ ಓನರ್ ಹತ್ತಿರ ನೇರವಾಗಿ ಮಾತಾಡಿ, ಆದರೆ ಡಿಸ್ಪ್ಯಾಚ್ ಇರುವ ಹೊತ್ತಲ್ಲಿ ಹೋಗಬೇಡಿ.

ಸರ್ಕಾರಿ ಅಂಕಿ-ಅಂಶ ಬೇಕಾದರೆ ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ ಇದೆ. ಅದರಲ್ಲಿ ಮುಖ್ಯವಾಗಿ ಬರುವುದು ನೋಂದಾಯಿತ ಫ್ಯಾಕ್ಟರಿಗಳು, ಅಂದರೆ 1948ರ ಫ್ಯಾಕ್ಟರಿ ಕಾಯ್ದೆಯ ಲೆಕ್ಕದಲ್ಲಿ ಕರೆಂಟ್ ಬಳಸಿ ಕನಿಷ್ಠ 10 ಜನ, ಬಳಸದೆ ಕನಿಷ್ಠ 20 ಜನ ಕೆಲಸ ಮಾಡುತ್ತಿದ್ದ ಕಡೆ. ನಾಲ್ಕು ಜನರ ಲೇತ್ ಶಾಪ್ ಅಲ್ಲಿ ಸಿಗುವುದಿಲ್ಲ. ಹಳೆಯ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ, ಮೊದಲು ಅಲ್ಲಿ ಹುಡುಕಿ.

ಇನ್ನೊಂದು ಮಾತು. ಶಾಪ್ ಒಳಗೆ ಸಿಗುವವರೆಲ್ಲ ಉಳಿದುಕೊಂಡವರು. ಅವರನ್ನಷ್ಟೇ ಕೇಳಿ 'ಹೊಸ ಮೆಷಿನ್‌ಗೆ ಎಲ್ಲರೂ ಹೊಂದಿಕೊಂಡಿದ್ದಾರೆ' ಅಂತ ಬರೆದರೆ ಅದು ಸುಳ್ಳಾಗುತ್ತದೆ. ಹಾಗಾಗಿ ಮಾತಾಡಿಸಿದ ಪ್ರತಿಯೊಬ್ಬರ ಹತ್ತಿರವೂ, ನಿಮ್ಮ ಜೊತೆ ಇದ್ದು ಬಿಟ್ಟುಹೋದವರು ಯಾರಾದರೂ ಇದ್ದರೆ ಪರಿಚಯ ಮಾಡಿಸಿ ಅಂತ ಕೇಳಿ. ಅವರು ಈಗ ಆಟೋ ಓಡಿಸುತ್ತಿರಬಹುದು, ಊರಿಗೆ ಹೋಗಿ ಗದ್ದೆ ನೋಡಿಕೊಳ್ಳುತ್ತಿರಬಹುದು. ಅವರ ಹತ್ತಿರವೂ ಅದೇ ಪಟ್ಟಿ ತುಂಬಿಸಿಕೊಂಡು ಬನ್ನಿ.