ಬಾಟಲಿಯ ನೀರು ಏರಿಳಿಯಬೇಕು

ಮೂಡಿಗೆರೆಯಲ್ಲಿ ನನ್ನದು ಟ್ಯಾಕ್ಸಿ. ಬಾಡಿಗೆ ಜಾಸ್ತಿ ಸಿಗುವುದು ಮಂಗಳೂರಿಗೆ, ಅದರಲ್ಲೂ ಆಸ್ಪತ್ರೆಗೆ. ಅಂದರೆ ವಾರಕ್ಕೆ ಮೂರ್ನಾಲ್ಕು ಸಲ ಚಾರ್ಮಾಡಿ ಘಾಟಿ ಇಳಿಯಬೇಕು, ಹತ್ತಬೇಕು. ಇಳಿಯುವಾಗ ಬ್ರೇಕಿನ ಚಿಂತೆ. ಹತ್ತುವಾಗ ಇಂಜಿನ್ನಿನ ಚಿಂತೆ.

ಆಗ ನನ್ನ ಹತ್ತಿರ ಹಳೆಯ ಪೆಟ್ರೋಲ್ ಕಾರಿತ್ತು. ಏಪ್ರಿಲ್ ತಿಂಗಳು. ಕಣ್ಣಿನ ಆಪರೇಷನ್ ಮುಗಿಸಿದ ಒಬ್ಬ ಅಜ್ಜನನ್ನೂ ಅಜ್ಜಿಯನ್ನೂ ವಾಪಸ್ ಕರೆದುಕೊಂಡು ಬರುತ್ತಿದ್ದೆ. ಉಜಿರೆ ದಾಟಿ ಘಾಟಿ ಶುರುವಾದ ಮೇಲೆ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಯಿತು. ಎ.ಸಿ. ಆಫ್ ಮಾಡಿದೆ. ಎರಡು ತಿರುವು ಕಳೆಯುವಷ್ಟರಲ್ಲಿ ಮುಳ್ಳು ತಾನಾಗಿಯೇ ಇಳಿಯಿತು. ಸದ್ಯ, ಸರಿಹೋಯಿತು ಅಂತ ಮುಂದೆ ಹೋದೆ. ಸ್ವಲ್ಪ ದೂರದಲ್ಲೇ ಎಳೆತ ಕಡಿಮೆಯಾಯಿತು, ಸಿಹಿಯಾದ ಒಂದು ಸುಟ್ಟ ವಾಸನೆ ಬಂತು, ಬಾನೆಟ್ ಸಂದಿಯಿಂದ ಹಬೆ ಎದ್ದಿತು.

ಬಾನೆಟ್ ಎತ್ತಿ ನೋಡಿದರೆ ಕೂಲೆಂಟ್, ಅಂದರೆ ಇಂಜಿನ್ ತಂಪಾಗಿಡುವ ದ್ರವದ ಬಾಟಲಿ, ಮ್ಯಾಕ್ಸ್ ಗೆರೆಯವರೆಗೂ ತುಂಬಿತ್ತು! ಬೆಳಿಗ್ಗೆ ಹೊರಡುವಾಗಲೂ ಅಷ್ಟೇ ಇತ್ತು. ಹಿಂದಿನ ವಾರವೂ ಅಷ್ಟೇ. ನಾನು ದಿನಾ ನೋಡುತ್ತಿದ್ದೆ. ಹಾಗಿದ್ದರೂ ಗಾಡಿ ಹೀಟ್ ಆಗಿದ್ದು ಹೇಗೆ ಅಂತ ಗೊತ್ತಾಗಲಿಲ್ಲ.

ಅಜ್ಜಿ ತಮ್ಮ ಕುಡಿಯುವ ನೀರಿನ ಬಾಟಲಿ ಹಿಡಿದು ಬಂದರು. “ಇದನ್ನಾದ್ರೂ ಹಾಕಪ್ಪಾ.”

“ಬೇಡ ಅಜ್ಜಿ, ಈಗ ಮುಚ್ಚಳ ತೆಗೆದ್ರೆ ಮುಖಕ್ಕೇ ಹಾರತ್ತೆ. ತಣ್ಣೀರು ಬಿದ್ರೆ ಇಂಜಿನ್ ಹೆಡ್ಡೂ ಸೀಳಬಹುದು” ಅಂದೆ. ಪರಿಚಯದ ಇನ್ನೊಂದು ಗಾಡಿ ಬಂತು. ಅವರಿಬ್ಬರನ್ನೂ ಅದರಲ್ಲಿ ಕಳಿಸಿಕೊಟ್ಟೆ. ಒಂದು ಗಂಟೆ ಕಾದು, ಬಟ್ಟೆ ಸುತ್ತಿ ರೇಡಿಯೇಟರ್ ಮುಚ್ಚಳ ತೆಗೆದೆ. ಒಳಗೆ ನೀರೇ ಕಾಣಲಿಲ್ಲ. ಬಾಟಲಿ ತುಂಬಿದೆ, ರೇಡಿಯೇಟರ್ ಖಾಲಿ.

ನಮ್ಮೂರಿನ ಮೆಕ್ಯಾನಿಕ್ ಅಣ್ಣ ಕಾರಣ ಹುಡುಕಿಕೊಟ್ಟರು. ಆ ಕಾರಿನಲ್ಲಿ ಬಾಟಲಿಯಿಂದ ರೇಡಿಯೇಟರ್ ಮುಚ್ಚಳದ ಕುತ್ತಿಗೆಗೆ ಒಂದು ಸಣ್ಣ ರಬ್ಬರ್ ಪೈಪ್ ಇರುತ್ತದೆ. ಇಂಜಿನ್ ಬಿಸಿಯಾದಾಗ ಕೂಲೆಂಟ್ ಹಿಗ್ಗಿ ಆ ಪೈಪಿನಲ್ಲಿ ಬಾಟಲಿಗೆ ಬರುತ್ತದೆ. ತಣ್ಣಗಾದಾಗ ರೇಡಿಯೇಟರ್ ಅದನ್ನೇ ವಾಪಸ್ ಎಳೆದುಕೊಳ್ಳುತ್ತದೆ. ನನ್ನ ಪೈಪ್ ಬುಡದಲ್ಲಿ ಸೀಳಿತ್ತು. ಬಿಸಿಯಾದಾಗ ಕೂಲೆಂಟ್ ಅಲ್ಲೇ ಹೊರಗೆ ಸೋರುತ್ತಿತ್ತು. ತಣ್ಣಗಾದಾಗ ಬಾಟಲಿಯಿಂದ ಕೂಲೆಂಟ್ ಬರುವ ಬದಲು ಸೀಳಿನಿಂದ ಗಾಳಿ ಒಳಗೆ ಹೋಗುತ್ತಿತ್ತು. ದಿನಾ ಸ್ವಲ್ಪ ಸ್ವಲ್ಪ. ಬಾಟಲಿಯಲ್ಲಿದ್ದ ಕೂಲೆಂಟ್ ಮಾತ್ರ ಅಲುಗಾಡದೆ ಹಾಗೇ ಕೂತಿತ್ತು.

ಮುಳ್ಳು ಇಳಿದಿದ್ದಕ್ಕೂ ಅವರೇ ಉತ್ತರ ಹೇಳಿದರು. ಟೆಂಪರೇಚರ್ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಬಿಸಿ ತೋರಿಸುತ್ತದೆ. ಕೂಲೆಂಟ್ ಖಾಲಿಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತರೆ ಮುಳ್ಳು ಸುಳ್ಳು ಹೇಳುತ್ತದೆ. ಅಷ್ಟರಲ್ಲಿ ಬಿಸಿಗೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ ಬೆಂಡ್ ಆಗಿತ್ತು. ಲೇತ್‌ನಲ್ಲಿ ಫೇಸಿಂಗ್ ಮಾಡಿಸಿ, ಅಂದರೆ ಅದರ ಮೈ ಸಮ ಮಾಡಿಸಿ, ಹೆಡ್ಡಿನ ಕೆಳಗೆ ಸೋರದಂತೆ ಇಡುವ ಹೊಸ ಗ್ಯಾಸ್ಕೆಟ್ ಹಾಕಿಸಿ, ಹನ್ನೊಂದು ದಿನ ಗಾಡಿ ಶೆಡ್ಡಿನಲ್ಲೇ ನಿಂತಿತು.

ಅವತ್ತಿನಿಂದ ನಾನು ನೋಡುವ ರೀತಿಯೇ ಬದಲಾಯಿತು. ಬಾಟಲಿ ತುಂಬಿದೆಯಾ ಅಂತ ಒಂದು ಸಲ ನೋಡಿದರೆ ಸಾಲದು. ಅದು ಏರಿಳಿಯುತ್ತಿದೆಯಾ ಅಂತ ನೋಡಬೇಕು. ಸಣ್ಣ ಕಾರಿನಲ್ಲಿ ಸುಮಾರು 4 ಲೀಟರ್ ಕೂಲೆಂಟ್ ಇರುತ್ತದೆ ಅಂದುಕೊಳ್ಳಿ. ತಣ್ಣಗಿನಿಂದ ಪೂರ್ತಿ ಬಿಸಿಯಾಗುವಾಗ ಅದು ಶೇಕಡ 4-5ರಷ್ಟು ಹಿಗ್ಗುತ್ತದೆ. ಅಂದರೆ ಹತ್ತಿರ ಹತ್ತಿರ 200 ಮಿಲಿಲೀಟರ್, ಒಂದು ಲೋಟದಷ್ಟು. ಅಷ್ಟು ಕೂಲೆಂಟ್ ಸಂಜೆ ಬಾಟಲಿಗೆ ಬರಬೇಕು, ಬೆಳಿಗ್ಗೆಯೊಳಗೆ ವಾಪಸ್ ಹೋಗಬೇಕು. ಬಾರದಿದ್ದರೆ ಮುಚ್ಚಳ, ಪೈಪ್ ಎರಡನ್ನೂ ಅನುಮಾನಿಸಬೇಕು.

ಬಾಟಲಿಯ ಪಕ್ಕಕ್ಕೆ ಬಿಳಿ ಟೇಪ್ ಅಂಟಿಸಿ ಮಿಲಿಮೀಟರ್ ಗೆರೆ ಎಳೆದೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ಒಂದು ಸಲ, ರಾತ್ರಿ ಬಂದು ನಿಲ್ಲಿಸಿದ ಕೂಡಲೇ ಇನ್ನೊಂದು ಸಲ ನೋಡಿ, ಕಿಲೋಮೀಟರ್ ಜೊತೆ ಡೈರಿಯಲ್ಲಿ ಬರೆಯುತ್ತೇನೆ. ನಿಲ್ಲಿಸುವ ಜಾಗ ಒಂದೇ ಇರಬೇಕು. ನಮ್ಮ ಮಲೆನಾಡಿನ ಅಂಗಳದಲ್ಲಿ ಸಮತಟ್ಟು ಜಾಗ ಸಿಗುವುದೇ ಕಷ್ಟ ಅಲ್ವಾ? ಅದಕ್ಕೇ ಮುಂದಿನ ಚಕ್ರ ನಿಲ್ಲುವ ಜಾಗಕ್ಕೆ ಎರಡು ಕಲ್ಲು ಹೂತಿದ್ದೇನೆ. ಇಲ್ಲದಿದ್ದರೆ ಗಾಡಿ ಓರೆಯಾಗಿಯೇ ಐದಾರು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ.

ಈಗಿನ ಡೀಸೆಲ್ ಗಾಡಿಯಲ್ಲಿ ವ್ಯವಸ್ಥೆ ಬೇರೆ. ಇದರಲ್ಲಿ ರೇಡಿಯೇಟರ್ ಮೇಲೆ ಮುಚ್ಚಳವಿಲ್ಲ. ಬಾಟಲಿಯೇ ಪ್ರೆಷರಿನಲ್ಲಿರುತ್ತದೆ, ಕ್ಯಾಪ್ ಅದರ ಮೇಲಿದೆ. ಈ ಕ್ಯಾಪನ್ನು ಜನ ಸುಮ್ನೆ ಒಂದು ಮುಚ್ಚಳ ಅಂದುಕೊಳ್ಳುತ್ತಾರೆ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಇಂಜಿನ್ ಮಾಮೂಲಿಯಾಗಿ ಓಡುವುದೇ 90ರ ಆಸುಪಾಸಿನಲ್ಲಿ. ಕೂಲೆಂಟ್ ಕುದಿಯದಂತೆ ತಡೆಯುವುದು ಅದರಲ್ಲಿರುವ ಗ್ಲೈಕಾಲ್ ಎಂಬ ರಾಸಾಯನಿಕ ಮತ್ತು ಆ ಕ್ಯಾಪ್ ಹಿಡಿದಿಡುವ ಪ್ರೆಷರ್. ಕ್ಯಾಪಿನ ರಬ್ಬರ್ ಸವೆದರೆ ಘಾಟಿಯಲ್ಲಿ ಗಾಡಿ ಕುದಿಯುವ ಅಪಾಯ ಹೆಚ್ಚು. ನಾನು ಎರಡು ವರ್ಷಕ್ಕೊಮ್ಮೆ ಕ್ಯಾಪ್ ಬದಲಾಯಿಸುತ್ತೇನೆ.

ಈ ಗಾಡಿಯಲ್ಲಿ ಡೈರಿಯೇ ನನ್ನನ್ನು ಕಾಪಾಡಿತು. ಒಂದು ಮಳೆಗಾಲ ಬೆಳಗಿನ ಅಳತೆ ವಾರಕ್ಕೆ 3 ಮಿಲಿಮೀಟರ್ ಇಳಿಯತೊಡಗಿತು. ಕಣ್ಣಳತೆಯಲ್ಲಿ ಅದು ಗೊತ್ತೇ ಆಗುತ್ತಿರಲಿಲ್ಲ, ಮಿನ್ ಗೆರೆ ಇನ್ನೂ ದೂರವಿತ್ತು. ರಾತ್ರಿ ಇಂಜಿನ್ ಕೆಳಗೆ ಬಿಳಿ ರಟ್ಟು ಹಾಸಿದೆ. ಏನೂ ಬೀಳಲಿಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿದೆ, ಆಯಿಲ್ ಹಾಲಿನಂತೆ ಬೆಳ್ಳಗಾಗಿರಲಿಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇಲ್ಲ. ಹಾಗಾದರೆ ಹೆಡ್ ಗ್ಯಾಸ್ಕೆಟ್ ಅಲ್ಲ ಅಂತ ಧೈರ್ಯ ಬಂತು. ಕೊನೆಗೆ ಟಾರ್ಚ್ ಬಿಟ್ಟು ನೋಡಿದಾಗ ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನ ಸುತ್ತ ಒಣಗಿದ ಗುಲಾಬಿ ಬಣ್ಣದ ಕಲೆ ಕಂಡಿತು. ಒಳಗಿನ ಸೀಲ್ ಹೋದರೆ ಮೊದಲು ಸುಳಿವು ಕೊಡುವುದು ಆ ತೂತೇ. ಸೋರಿದ್ದು ಬಿಸಿ ಇಂಜಿನ್ ಮೇಲೆಯೇ ಒಣಗುತ್ತಿತ್ತು, ಹಾಗಾಗಿ ನೆಲಕ್ಕೆ ಬಿದ್ದಿರಲಿಲ್ಲ. ಪಂಪ್ ಬದಲಾಯಿಸಲು ಒಂದು ದಿನ ಸಾಕಾಯಿತು.

ಆಮೇಲೆ ಒಂದು ಅಲಾರಂ ಕೂಡ ಹಾಕಿಕೊಂಡೆ. ಕೆಲವು ಕಾರುಗಳ ಬಾಟಲಿಯಲ್ಲಿ ಕಂಪನಿಯೇ ಸೆನ್ಸರ್ ಇಟ್ಟಿರುತ್ತದೆ. ಒಳಗೆ ಆಯಸ್ಕಾಂತವಿರುವ ಬುರುಡೆ ತೇಲುತ್ತಿರುತ್ತದೆ, ಅದು ಕೆಳಗಿಳಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ನನ್ನದರಲ್ಲಿ ಅದಿರಲಿಲ್ಲ. ಪ್ರೆಷರಿನ ಬಾಟಲಿಗೆ ತೂತು ಕೊರೆಯುವ ಕೆಲಸ ಮಾತ್ರ ಯಾರೂ ಮಾಡಬಾರದು. ಪ್ಲಾಸ್ಟಿಕ್ಕಿನ ಹೊರಗೇ ಅಂಟಿಸುವ ಸೆನ್ಸರ್ ಸಿಗುತ್ತದೆ, ಗೋಡೆಯಾಚೆ ನೀರಿದೆಯೋ ಇಲ್ಲವೋ ಅಂತ ಹೇಳುತ್ತದೆ. ಅದನ್ನು ಮಿನ್ ಗೆರೆಗಿಂತ ಸ್ವಲ್ಪ ಮೇಲೆ ಇಟ್ಟು, ಫ್ಯೂಸ್ ಹಾಕಿ, ಬಜರಿಗೆ ಜೋಡಿಸಿದೆವು. ಡಬಲ್ ಟೇಪ್ ಬಿಸಿಗೆ ಎರಡೇ ವಾರದಲ್ಲಿ ಬಿಟ್ಟುಕೊಂಡಿತು. ಈಗ ಕೇಬಲ್ ಟೈ ಬಿಗಿದಿದ್ದೇನೆ. ತಿರುವಿನಲ್ಲಿ ಕೂಲೆಂಟ್ ತುಳುಕಿದಾಗಲೆಲ್ಲ ಕೂಗುತ್ತಿತ್ತು. ಹತ್ತು ಸೆಕೆಂಡ್ ತಡೆದು ಕೂಗುವ ಹಾಗೆ ಒಂದು ಟೈಮರ್ ಹಾಕಿದ ಮೇಲೆ ನಿಂತಿತು.

ಕಡಿಮೆಯಾದರೆ ಏನು ಹಾಕಬೇಕು ಅಂತ ಸ್ಟ್ಯಾಂಡಿನ ಹುಡುಗರು ಕೇಳುತ್ತಾರೆ. ಗಾಡಿಯ ಪುಸ್ತಕದಲ್ಲಿ ಹೇಳಿದ ಕೂಲೆಂಟನ್ನೇ ಹಾಕಿ. ಬಣ್ಣ ನೋಡಿ ಕೊಳ್ಳಬೇಡಿ, ಒಂದೇ ಬಣ್ಣದಲ್ಲಿ ಬೇರೆ ಬೇರೆ ಜಾತಿಯವು ಇರುತ್ತವೆ. ಗಟ್ಟಿ ಕೂಲೆಂಟ್ ಆದರೆ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಬೇಕು. ರೆಡಿ ಬೆರೆಸಿದ್ದಾದರೆ ನೀರು ಬೇಡ. ಬೋರ್‌ವೆಲ್ ನೀರು ಬೇಡವೇ ಬೇಡ. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಅದೇ ಕಟ್ಟುತ್ತದೆ. ಚೆಲ್ಲಿದ್ದನ್ನು ಕೂಡಲೇ ತೊಳೆದು ಬಿಡಿ. ಅದು ಸಿಹಿಯಾಗಿರುತ್ತದೆ, ನಾಯಿ ನೆಕ್ಕಿದರೆ ಬದುಕುವುದು ಕಷ್ಟ.

ಈಗ ಸ್ಟ್ಯಾಂಡಿನ ಮೂರು ಗಾಡಿಗಳ ಬಾಟಲಿಗೆ ಬಿಳಿ ಟೇಪ್ ಬಂದಿದೆ. ಅವರಲ್ಲೊಬ್ಬ ಮೊನ್ನೆ ಬೆಳಿಗ್ಗೆ ಫೋನ್ ಮಾಡಿದ. “ಅಣ್ಣಾ, ನಿನ್ನೆ ರಾತ್ರಿ 52 ಇತ್ತು, ಬೆಳಿಗ್ಗೇನೂ 52 ಇದೆ.” ಅವನದು ಹಳೆಯ ನಮೂನೆಯ ಗಾಡಿ, ರೇಡಿಯೇಟರ್ ಮೇಲೆ ಮುಚ್ಚಳವಿರುವಂಥದ್ದು. “ಇವತ್ತು ಘಾಟಿ ಇಳಿಬೇಡ, ಗಾಡಿ ಅಲ್ಲೇ ಇರ್ಲಿ. ನಾನು ಪೈಪ್ ತಗೊಂಡು ಬರ್ತೀನಿ” ಅಂದೆ.